ಎಲೆಕ್ಟ್ರಾನಿಕ್ ಮೂಗು (ಧಾನ್ಯ ಪರೀಕ್ಷೆ)

ಧಾನ್ಯದಿಂದ ಹೊಮ್ಮುವ ಆವಿಗಳನ್ನು ಸಂವೇದಕಗಳಿಂದ ಗ್ರಹಿಸಿ ಬೂಷ್ಟು, ಹಳಸಿಕೆ ಪತ್ತೆಹಚ್ಚುವ ಉಪಕರಣ. ವಾಸನೆ ಗುರುತಿಸುವ ಸಂವೇದಕ ಸಮೂಹದ ಮಾದರಿಯನ್ನು 1982ರಲ್ಲಿ ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್, ಜಾರ್ಜ್ ಡಾಡ್ ಪ್ರಕಟಿಸಿದರು. ಸಂವೇದಕದಲ್ಲಿನ ಕಾಯಿಸಿದ ತವರದ ಆಕ್ಸೈಡಿಗೆ ಆವಿ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ; ಹಲವು ಸಂವೇದಕಗಳ ಒಟ್ಟು ಪ್ರತಿಕ್ರಿಯೆಯನ್ನು ಗಣಕಯಂತ್ರವು ಮೊದಲೇ ಕಲಿತ ಮಾದರಿಗಳೊಂದಿಗೆ ಹೋಲಿಸುತ್ತದೆ. ಬೂಷ್ಟಿನ ಅಣಬೆವಾಸನೆಗೆ 1-ಆಕ್ಟೆನ್-3-ಆಲ್, ಮಣ್ಣುವಾಸನೆಗೆ ಜಿಯೋಸ್ಮಿನ್ ಕಾರಣ. ಕೆಲವು ಬೂಷ್ಟುಗಳಿಂದ ಉಂಟಾಗುವ ಅಫ್ಲಾಟಾಕ್ಸಿನ್ ಮಾತ್ರ ಸುಲಭವಾಗಿ ಆವಿಯಾಗದ ವಿಷ. ಉಪಕರಣ ಅದನ್ನು ನೇರವಾಗಿ ಮೂಸಲಾರದು, ಬೂಷ್ಟಿನ ಆವಿಯಿಂದ ಊಹಿಸಬಲ್ಲದು, ಅಷ್ಟೆ. ಗಾಳಿಯ ತೇವಾಂಶ ಹೆಚ್ಚಾದರೆ ಅಳತೆಯೇ ತಪ್ಪಬಹುದು. ಭತ್ತ, ಗೋವಿನಜೋಳ ಬೆಳೆಯುವ ಆಡೂರು, ಹಾನಗಲ್ಲ ಸೀಮೆಯಲ್ಲಿ ಮಳೆಗೆ ಸಿಕ್ಕ ಫಸಲಿಗೆ ಇಂಥ ಪರೀಕ್ಷೆ ಉಪಯುಕ್ತವಾದರೂ, ತೇವಾಂಶಮಾಪಕವನ್ನು ಜೊತೆಗಿಟ್ಟುಕೊಳ್ಳದೆ ಅದನ್ನು ನಂಬುವಂತಿಲ್ಲ.