ಅರ್ಧ ಗುಬಟಿನ ಚರಿತ್ರೆ

ಹಟ್ಟಿಯಂಗಡಿಯ ನಮ್ಮ ಮನೆಯಲ್ಲಿ ಈಗ ಸಂಶೋಧನೆಯ ಟಿಪ್ಪಣಿಗಳ ಪಕ್ಕದಲ್ಲೇ ಇನ್ನೊಂದು ಲೆಕ್ಕದ ಪುಸ್ತಕವಿದೆ. ಲೆಗೊ ಇಟ್ಟಿಗೆಗಳಲ್ಲಿ ಹಳೆಯ ಪೋರ್ಷೆ 911 ಸ್ಪೋರ್ಟ್ಸ್ ಕಾರಿನ ಮಾದರಿಯೊಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಆಟಿಕೆಯ ಕೆಲಸ ಅನ್ನಿಸಬಹುದು. ಆದರೆ ಚರಿತ್ರೆ ಓದುವವರನ್ನು ಕಾಡುವ ಪ್ರಶ್ನೆಯೊಂದು ಇದರೊಳಗಿದೆ: ಮಾದರಿ ಮಾಡುವುದು ಯಾವ ಇಸವಿಯ ವಸ್ತುವನ್ನು?

ಮುರಕಲ್ಲಿನ ಗೋಡೆ ಕಟ್ಟುವ ನಮ್ಮ ಕಡೆಯ ಮೇಸ್ತ್ರಿಗಳಿಗೆ ಕಲ್ಲಿನ ಅಳತೆಯೇ ಗೋಡೆಯ ಅಳತೆ. ಲೆಗೊದ್ದೂ ಅಷ್ಟೆ. 1958ರಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ ಈ ಇಟ್ಟಿಗೆಯ ತಲೆಯ ಮೇಲೆ ಗುಬಟುಗಳಿವೆ. ಒಂದು ಗುಬಟಿನ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಕಾರಿನ ಪ್ರತಿಯೊಂದು ಅಳತೆಯೂ ಆ ಎಂಟಕ್ಕೆ ಒಗ್ಗಬೇಕು.

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿನ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ. ಹಾಗಾಗಿ ವೇಗದ ತಿರುವಿನಲ್ಲಿ ಬಾಲದ ಭಾಗ ಹೊರಕ್ಕೆ ಜಾರುತ್ತಿತ್ತು. 1968ರಲ್ಲಿ ಪೋರ್ಷೆ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿತು. ಎರಡು ಅಚ್ಚುಗಳ ನಡುವಿನ ದೂರ 2211 ಇದ್ದದ್ದು 2268 ಆಯಿತು. ಕಣ್ಣಿಗೆ ಅಷ್ಟಾಗಿ ಕಾಣದ ಈ ತಿದ್ದುಪಡಿಯೇ ಆ ಕಾರಿನ ಚರಿತ್ರೆಯ ದೊಡ್ಡ ತಿರುವುಗಳಲ್ಲೊಂದು. 14ರಲ್ಲಿ ಒಂದರಷ್ಟು ಕುಗ್ಗಿಸಿದರೆ ಮೊದಲಿನದು 158 ಮಿಲಿಮೀಟರ್, ನಂತರದ್ದು 162. ಇಡೀ ಗುಬಟಿನ ಲೆಕ್ಕದಲ್ಲಿ ಎರಡೂ ಇಪ್ಪತ್ತೇ! ಐದು ವರ್ಷಗಳ ಕಲಿಕೆ ಹೀಗೆ ಇಟ್ಟಿಗೆಯ ಸಂದಿಯಲ್ಲಿ ಮಾಯ.

ಇಂಥ ಮಾಯವಾಗುವಿಕೆ ನಮಗೆ ಹೊಸದಲ್ಲ. ಕೋಟೇಶ್ವರದ ಕೊಡಿ ಹಬ್ಬದ ತೇರು ನೋಡಿದವರಿಗೆ ಗೊತ್ತು: ಕೆಳಗೆ ಗಟ್ಟಿ ಮರದ ಗಡ್ಡೆ, ಮೇಲೆ ಪ್ರತಿ ವರ್ಷ ಕಟ್ಟಿ ಬಿಚ್ಚುವ ಹಗುರ ಗೋಪುರ. ಅಂಥ ಮರದ ತೇರನ್ನೇ ಕಲ್ಲಿನಲ್ಲಿ ಕಂಡರಿಸಿದ ಮಾದರಿ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ. ಅದು ಏಕಶಿಲೆಯಲ್ಲ. ಹಲವು ಕಲ್ಲುಗಳನ್ನು ಜೋಡಿಸಿ, ಜೋಡಣೆಯ ಗೆರೆಗಳನ್ನು ಕೆತ್ತನೆಯಲ್ಲಿ ಅಡಗಿಸಿದ್ದಾರೆ. ಅದರ ಮೇಲೊಂದು ಇಟ್ಟಿಗೆ-ಗಾರೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದನ್ನು ಕಾಣಬಹುದು. ಆಮೇಲೆ ಅದನ್ನು ತೆಗೆದುಹಾಕಿದರು. ಮುಂದಿರುವ ಆನೆಗಳೂ ಮೊದಲಿನವಲ್ಲ; ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಇನ್ನೂ ಇದೆ.

2017ರಿಂದ ಬಂದ 50 ರೂಪಾಯಿ ನೋಟಿನ ಮೇಲಿರುವುದು ಗೋಪುರವಿಲ್ಲದ, ಆನೆ ಹೂಡಿದ ರಥ. ಅದನ್ನೇ ನೋಡಿ ಮಾಡಿದ ಮಾದರಿ ಇಂದಿನ ಹಂಪಿಗೆ ನಿಷ್ಠವಾಗಿರುತ್ತದೆ, ನಿಜ. ಆದರೆ ವಿಜಯನಗರದವರು ಕಂಡ ತೇರು ಅದಲ್ಲ. ಅಡಿಯಲ್ಲಿ ಇಸವಿ ಬರೆಯದಿದ್ದರೆ ನೋಡುವವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕುಗ್ಗಿಸುವಾಗ ಏನನ್ನು ಬಿಟ್ಟೆವು ಎಂದು ಹೇಳುವ ಹೊಣೆ ಮಾದರಿ ಮಾಡಿದವರದು. ನೂರು ವರ್ಷಗಳನ್ನು ಒಂದು ಅಧ್ಯಾಯಕ್ಕೆ ಇಳಿಸುವ ನಮ್ಮಂಥವರದೂ ಹೌದು.

ಲೆಗೊದಲ್ಲಿ ನಟ್ಟನಡುವೆ ಒಂದೇ ಗುಬಟಿರುವ ಚಪ್ಪಟೆ ತುಂಡುಗಳಿವೆ. ಮೇಲಿನ ಇಟ್ಟಿಗೆಯನ್ನು ಅವು ಸರಿಯಾಗಿ 4 ಮಿಲಿಮೀಟರ್ ಸರಿಸುತ್ತವೆ. ಎರಡು ಕಾರುಗಳ ನಡುವಿನ ಅಂತರವೂ ಅಷ್ಟೇ. ಅವನ್ನು ಬಳಸಿದರೆ ಹಿಂದಿನ ಚಕ್ರದ ಸುತ್ತಲಿನ ಕಟ್ಟಡವನ್ನೆಲ್ಲ ಬೇರೆಯಾಗಿ ಹೆಣೆಯಬೇಕು. ಇಟ್ಟಿಗೆಯೂ ಹೆಚ್ಚು ಬೇಕು. ಆಗಲಿ. ನಾನು ಕಟ್ಟುತ್ತಿರುವುದು 1968ರ ನಂತರದ ಕಾರು. ಅದು ಆ ಅರ್ಧ ಗುಬಟಿನಲ್ಲೇ ಗೊತ್ತಾಗಬೇಕು.