ತಳಘರದ ತಂಪು, ಗುಹೆಯ ಲೆಡ್ಜರು

ಹಗಲೂ ರಾತ್ರಿ ನಡೆಯುವ ಒಂದು ಕಂಪ್ಯೂಟರ್ ಇಟ್ಟು, ಮನೆಮಂದಿಯ ಫೋಟೋ, ಹಾಡು, ಲೆಕ್ಕಪತ್ರ ಎಲ್ಲ ಅದರಲ್ಲಿ ತುಂಬಿ, ಕೇಬಲ್ ಎಳೆದು ಕೋಣೆ ಕೋಣೆಗೂ ಹಂಚಿಕೊಳ್ಳುವುದು ಈಗ ನಮ್ಮಂಥವರ ಮನೆಗಳಿಗೂ ಬಂದಿದೆ. ಕೊಳ್ಳುವುದು ಸುಲಭ, ಇಡುವುದೆಲ್ಲಿ? ಮರಾಠವಾಡದ ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ತಾರಸಿಯ ಕೆಳಗಿನ ಕೋಣೆ ಸಂಜೆ ಹೊತ್ತಿಗೆ ಒಲೆ! ಹಾಗಾಗಿ ನೆಲಮಾಳಿಗೆ ಇದ್ದವರಿಗೆಲ್ಲ ಇಲ್ಲಿ ಸಿಗುವ ಸಲಹೆ ಒಂದೇ: "ತಳಘರಾತ್ ಠೇವಾ, ಥಂಡ್ ಅಸತಂ."

ಕಂಪ್ಯೂಟರಿಗೂ ತಂಪಿಗೂ ಇರುವ ನಂಟು ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಡಾ. ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಯೂನಿಯನ್ನುಗಳ ವಿರೋಧ, ಘೋಷಣೆ ಎಲ್ಲ ಆಯಿತು. ತೊಂಬತ್ತರ ದಶಕದಲ್ಲಿ ಎಷ್ಟೋ ಶಾಖೆಗಳಲ್ಲಿ ಎಸಿ ಇದ್ದದ್ದು ಕಂಪ್ಯೂಟರ್ ಕೋಣೆಗೆ ಮಾತ್ರ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ದೇವರ ಮನೆಯ ಹಾಗೆ. ಮ್ಯಾನೇಜರು ಮಾತ್ರ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದರು.

ನೆಲದಡಿ ತಂಪು ಎನ್ನುವ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಕೆಲವು ಮೀಟರ್ ಆಳದ ಮಣ್ಣಿಗೆ ಮೇಲಿನ ಬಿಸಿಲಿನ ಏರಿಳಿತ ಅಷ್ಟಾಗಿ ತಾಗುವುದಿಲ್ಲ, ನಿಜ. ಆದರೆ 60 ವ್ಯಾಟ್ ತಿನ್ನುವ ಯಂತ್ರ 60 ವ್ಯಾಟ್ ಶಾಖವನ್ನೇ ಕಕ್ಕುತ್ತದೆ. ದಿನಕ್ಕೆ ಹತ್ತಿರಹತ್ತಿರ ಒಂದೂವರೆ ಯೂನಿಟ್. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಗೋಡೆಗಳು ಸ್ವಲ್ಪ ದಿನ ಅದನ್ನು ಕುಡಿಯುತ್ತವೆ, ಆಮೇಲೆ ಅವೂ ಬೆಚ್ಚಗಾಗುತ್ತವೆ. ಜಮಾ ಮಾತ್ರ ಇದ್ದು ಖರ್ಚೇ ಇಲ್ಲದ ಖಾತೆ ಅದು. ಶಾಖಕ್ಕೆ ಹೊರಹೋಗುವ ದಾರಿ ಬೇಕೇ ಬೇಕು.

ಈ ಪಾಠ ನೋಡಬೇಕೆಂದರೆ ಸಂಭಾಜಿನಗರದ ಪನ್‌ಚಕ್ಕಿಗೆ ಹೋಗಬೇಕು. ಊರು ಹುಟ್ಟಿದ್ದು 1610ರಲ್ಲಿ, ಖಡ್ಕಿ ಎಂಬ ಹೆಸರಿನಲ್ಲಿ. ಕಟ್ಟಿಸಿದವನು ಮಲಿಕ್ ಅಂಬರ್. ಆಫ್ರಿಕದಿಂದ ಗುಲಾಮನಾಗಿ ಬಂದು, ಕೆಲಕಾಲ ನಮ್ಮ ಬಿಜಾಪುರದ ಸೇವೆಯಲ್ಲೂ ಇದ್ದು, ಅಹಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ಹಿಡಿದವನು. ವಲಸಿಗರಲ್ಲಿ ವಲಸಿಗ! ಬೆಟ್ಟದ ಕಡೆಯ ನೀರನ್ನು ನೆಲದಡಿಯ ಕಾಲುವೆಯಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನ ಬಲದಿಂದ ಊರಿಗೆ ತಂದ. ಅದೇ ನಹರ್-ಎ-ಅಂಬರಿ. ನಮ್ಮ ಬೀದರಿನ ನೌಬಾದ್ ಕರೇಜ್ ಇದಕ್ಕಿಂತ ಹಳೆಯದು, ಬಹಮನಿಗಳ ಕಾಲದ್ದು. ಪನ್‌ಚಕ್ಕಿ ಹದಿನೆಂಟನೇ ಶತಮಾನದ್ದು. ಅಲ್ಲಿಗೂ ನೀರು ಕೊಳವೆಯಲ್ಲಿ ದೂರದಿಂದಲೇ ಬರುತ್ತದೆ. ಅಲ್ಲಿನ ದೊಡ್ಡ ಕೊಳದ ತಳವೇ ಕೆಳಗಿನ ಕಂಬಗಳ ಹಜಾರಕ್ಕೆ ಚಾವಣಿ. ಬೇಸಿಗೆಯಲ್ಲಿ ಆ ಹಜಾರ ತಂಪು. ಮೇಲೆ ನೀರು ಬಂದು ಹೋಗುತ್ತಲೇ ಇರಬೇಕು, ಆಗಲೇ ಕೆಳಗೆ ಹಿತ. ನಮ್ಮ ತಳಘರದಲ್ಲಿ ನೀರಿನ ಕೆಲಸವನ್ನು ಗಾಳಿ ಮಾಡಬೇಕು. ಕೆಳಗಡೆ ಒಂದು ಕಿಂಡಿಯಿಂದ ಗಾಳಿ ಒಳಗೆ, ಎದುರು ಗೋಡೆಯ ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್. ಅಷ್ಟು ಸಾಕು.

ತಂಪಾಯಿತು, ಒಳಗಿನ ಸಾಮಾನಿನ ಗತಿ? ಅದಕ್ಕೆ ನಾಸಿಕಿಗೆ ಬರಬೇಕು. ಇಲ್ಲಿನ ಪಾಂಡವಲೇಣಿಯ ಹತ್ತನೇ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಸುಮಾರು 1900 ವರ್ಷ ಹಳೆಯದು. ಓದಿದರೆ ಅಪ್ಪಟ ಫಿಕ್ಸೆಡ್ ಡಿಪಾಸಿಟ್! 3000 ಕಾರ್ಷಾಪಣಗಳನ್ನು ನೇಕಾರರ ಎರಡು ಶ್ರೇಣಿಗಳಲ್ಲಿ ಇಟ್ಟಿದ್ದಾನೆ. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದು, 1000ಕ್ಕೆ ಮುಕ್ಕಾಲು ಬಡ್ಡಿ. ಅಸಲು ಮುಟ್ಟುವಂತಿಲ್ಲ. ಮೊದಲ ಮೊತ್ತದ ಬಡ್ಡಿ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳ ಬಟ್ಟೆಗೆ, ತಲಾ 12. ಗುಣಿಸಿ ನೋಡಿ: ವರ್ಷಕ್ಕೆ 240, ಇಪ್ಪತ್ತು ಹನ್ನೆರಡಲೆ 240. ಪೈಸೆ ಹೆಚ್ಚುಕಮ್ಮಿ ಇಲ್ಲ!

ಅದಕ್ಕಿಂತ ಮುಖ್ಯ ಇನ್ನೊಂದು ಮಾತು. ಇದನ್ನೆಲ್ಲ ನಿಗಮಸಭೆಯಲ್ಲಿ ಸಾರಿ, ದಾಖಲೆ ಕಚೇರಿಯಲ್ಲಿ ಬರೆಸಲಾಗಿದೆ ಎಂದು ಶಾಸನವೇ ಹೇಳುತ್ತದೆ. ಅಂದರೆ ಎರಡು ಪ್ರತಿ. ಕಚೇರಿಯ ಪ್ರತಿ ಕಾಲದ ಪಾಲಾಯಿತು, ಗುಹೆಯದು ಉಳಿಯಿತು. ಬ್ಯಾಕಪ್ ಅಂದರೆ ಇದೇ ಅಲ್ಲವೆ?

ಆದ್ದರಿಂದ ತಳಘರದಲ್ಲಿ ಕಂಪ್ಯೂಟರ್ ಇಡುವವರು ನೆಲದಿಂದ ಎರಡಡಿ ಮೇಲೆ ಇಡಿ, ಮಳೆಗಾಲದ ನೀರು ಕೇಳಿ ಬರುವುದಿಲ್ಲ. ಎರಡನೇ ಪ್ರತಿ ಆ ಮನೆಯಲ್ಲೇ ಬೇಡ, ಹುಬ್ಬಳ್ಳಿಯ ಅಣ್ಣನ ಮನೆಯಲ್ಲೋ ಮೈಸೂರಿನ ತಂಗಿಯ ಮನೆಯಲ್ಲೋ ಇರಲಿ. ಯಾಕೆಂದರೆ ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಅಪ್ಪ ಬರೆದ ಇನ್‌ಲ್ಯಾಂಡ್ ಪತ್ರಗಳ, ಅಜ್ಜಿಯ ಹಾಡಿನ ವಹಿಯ ಸ್ಕ್ಯಾನ್ ಹೋದರೆ ಹೋಯಿತು. "ಮಕ್ಕಳು ಮರಾಠಿಯಲ್ಲಿ ಓದಿದವರು, ಇದನ್ನು ಇನ್ನು ಯಾರು ಓದುತ್ತಾರೆ?" ಎನ್ನುವವರಿದ್ದಾರೆ. ಉಷವದಾತನ ಅಕ್ಷರಗಳನ್ನೂ ಎಷ್ಟೋ ಶತಮಾನ ಯಾರೂ ಓದಲಿಲ್ಲ, ಬ್ರಾಹ್ಮಿ ಲಿಪಿಯೇ ಮರೆತುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ. ಅಲ್ಲಿಯವರೆಗೆ ಆ ಕಲ್ಲು ಮಾಡಿದ ಕೆಲಸ ಒಂದೇ, ಅಳಿಸದೆ ಉಳಿದದ್ದು.