ಮಂಗಳೂರು–ಶಿವಮೊಗ್ಗ ವಿಮಾನ ದೂರ ಮತ್ತು ಪ್ರಯಾಣ ಸಮಯ

ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೂ ಇರುವ ವೈಮಾನಿಕ ದೂರ ಸುಮಾರು 126 ಕಿ.ಮೀ. (68 ನಾಟಿಕಲ್ ಮೈಲು). ಎರಡರ ನಡುವೆ ನೇರ ವಿಮಾನವಿಲ್ಲ. ಹೀಗಾಗಿ ಹೆಬ್ರಿ, ಆಗುಂಬೆ ಮೂಲಕ ಘಟ್ಟ ಹತ್ತುವ ರಸ್ತೆಯೇ ಬಳಕೆಯಲ್ಲಿರುವ ದಾರಿ.

ನಿಲ್ದಾಣಗಳು

ಬಜಪೆಯಲ್ಲಿರುವ ಮಂಗಳೂರು ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿಗೆ ಬಂದಿಳಿದಿದ್ದರು. ಗುಡ್ಡದ ನೆತ್ತಿಯಲ್ಲಿರುವ ಈ ಟೇಬಲ್‌ಟಾಪ್ ನಿಲ್ದಾಣದ ಮೊದಲ ರನ್‌ವೇ 1,615 ಮೀ. ಉದ್ದವಿತ್ತು, 2,450 ಮೀ. ಉದ್ದದ ಎರಡನೆಯದು 2006ರಲ್ಲಿ ಬಳಕೆಗೆ ಬಂತು. ಸೋಗಾನೆಯ ಶಿವಮೊಗ್ಗ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ರಂದು. ಇಲ್ಲಿನ ರನ್‌ವೇ 3,200 ಮೀ. ಉದ್ದವಿದೆ.

ದೂರ

ವೈಮಾನಿಕ ದೂರವೆಂದರೆ ಭೂಮಿಯ ಮೇಲ್ಮೈಗುಂಟ ಎರಡು ಸ್ಥಳಗಳನ್ನು ಸೇರಿಸುವ ಅತಿ ಹತ್ತಿರದ ಗೆರೆಯ ಉದ್ದ. ಅಕ್ಷಾಂಶ, ರೇಖಾಂಶಗಳಿಂದ ಇದನ್ನು ಲೆಕ್ಕ ಹಾಕುತ್ತಾರೆ. ಬಜಪೆಯಿಂದ ಈಶಾನ್ಯಕ್ಕೆ ಸಾಗುವ ಈ ಗೆರೆ ಕಾರ್ಕಳವನ್ನು ಎಡಕ್ಕೆ ಬಿಟ್ಟು ಕುದುರೆಮುಖದ ಕಾಡಂಚಿನ ಮೇಲೆ ಘಟ್ಟ ದಾಟುತ್ತದೆ. ಶೃಂಗೇರಿ ಹೆಚ್ಚುಕಡಿಮೆ ಅದರ ನಟ್ಟನಡುವೆ ಬರುತ್ತದೆ, ಮುಂದೆ ಕೊಪ್ಪ. ರಸ್ತೆ ಹಾದುಹೋಗುವ ಹೆಬ್ರಿ ಈ ಗೆರೆಯಿಂದ ವಾಯವ್ಯಕ್ಕೆ ಸುಮಾರು 25 ಕಿ.ಮೀ. ಆಚೆಗಿದೆ.

ಸಮಯ

ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ 72 ವಿಮಾನ ಅದೇ ವೇಗದಲ್ಲಿ ಸಾಗಿದರೆ ಈ ದೂರಕ್ಕೆ 15 ನಿಮಿಷ ಸಾಕು. ಆದರೆ ಇಷ್ಟು ಕಿರು ಹಾರಾಟದಲ್ಲಿ ಮೇಲೇರುವುದು, ಕೆಳಗಿಳಿಯುವುದು, ರನ್‌ವೇವರೆಗೆ ಓಡುವುದರಲ್ಲೇ ಹೆಚ್ಚು ಹೊತ್ತು ಹೋಗುವುದರಿಂದ ಒಟ್ಟು 35–40 ನಿಮಿಷ ಹಿಡಿಯಬೇಕು.

ಬೆಂಗಳೂರಿನಲ್ಲಿ ವಿಮಾನ ಬದಲಿಸುವುದಾದರೆ ಲೆಕ್ಕವೇ ಬೇರೆ. ಮಂಗಳೂರಿನಿಂದ ಬೆಂಗಳೂರಿಗೆ 306 ಕಿ.ಮೀ., ಅಲ್ಲಿಂದ ಶಿವಮೊಗ್ಗಕ್ಕೆ 238 ಕಿ.ಮೀ.; ಒಟ್ಟು 544 ಕಿ.ಮೀ. ಎಂದರೆ ನೇರ ದೂರದ ನಾಲ್ಕು ಪಟ್ಟಿಗೂ ಹೆಚ್ಚು. ಒಂದೊಂದು ಹಾರಾಟಕ್ಕೂ ವೇಳಾಪಟ್ಟಿಯಂತೆ ಸುಮಾರು ಒಂದು ಗಂಟೆ. ಮುಂಚಿತವಾಗಿ ನಿಲ್ದಾಣ ಸೇರುವ ಹೊತ್ತು, ಮುಂದಿನ ವಿಮಾನಕ್ಕೆ ಕಾಯುವ ಹೊತ್ತು ಇದಕ್ಕೆ ಸೇರುತ್ತವೆ.

ರಸ್ತೆ

ಬಜಪೆಯಿಂದ ಮೂಡುಬಿದಿರೆ, ಕಾರ್ಕಳ, ಹೆಬ್ರಿ, ಆಗುಂಬೆ, ತೀರ್ಥಹಳ್ಳಿ ಮೂಲಕ ಶಿವಮೊಗ್ಗಕ್ಕೆ ಸುಮಾರು 200 ಕಿ.ಮೀ.; ಕಾರಿನಲ್ಲಿ ಐದು ಗಂಟೆಯ ಆಸುಪಾಸು. ಹೆಬ್ರಿಯಿಂದಾಚೆ ರಾಷ್ಟ್ರೀಯ ಹೆದ್ದಾರಿ 169ಎ ಸೋಮೇಶ್ವರ ದಾಟಿದ ಕೂಡಲೇ ಘಟ್ಟ ಏರುತ್ತದೆ. ಇಲ್ಲಿನ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಉದ್ದದ ಲಾರಿಗಳು ತಿರುಗಲಾರವು. ಮಳೆಗಾಲದಲ್ಲಿ ಮಂಜು, ಗುಡ್ಡ ಕುಸಿತದಿಂದ ಪ್ರಯಾಣ ಇನ್ನೂ ನಿಧಾನ.

ಈ ದಾರಿಯ ನಡುವೆ ಇರುವ ಹೆಬ್ರಿಯವರಿಗೆ ಯಾವ ನಿಲ್ದಾಣ ಅನುಕೂಲ ಎಂದು ನೋಡಿದರೆ, ಹೆಬ್ರಿಯಿಂದ ಬಜಪೆ ನೇರ ಗೆರೆಯಲ್ಲಿ ಸುಮಾರು 56 ಕಿ.ಮೀ., ಸೋಗಾನೆ ಸುಮಾರು 80 ಕಿ.ಮೀ. ಬಜಪೆಗೆ ಘಟ್ಟ ಹತ್ತುವ ಗೊಡವೆಯಿಲ್ಲ, ಅಲ್ಲಿಂದ ಗಲ್ಫ್ ದೇಶಗಳಿಗೂ ಮುಂಬಯಿಗೂ ನೇರ ವಿಮಾನಗಳಿವೆ. ಆದ್ದರಿಂದ ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರಂತೆ ಹೆಬ್ರಿಯವರಿಗೂ ಬಜಪೆಯೇ ಅನುಕೂಲ.